ಬ್ಯಾಟರಿ ಫ್ಯಾಕ್ಟರಿ ಕೆಲಸಕ್ಕೆ 45 ಸಾವಿರ ಕೊಟ್ಟು ಟ್ರೈನಿಂಗ್ ತಗೋಬೇಕಾ? ಶಿವಮೊಗ್ಗದಲ್ಲೇ ಕೈಯಾರೆ ಕಲಿಯೋಕೆ ದಾರಿ ಇದ್ಯಾ?

ತುಂಗೆದಡ_ಹುಡುಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಡಿಪ್ಲೊಮಾ ಎಲೆಕ್ಟ್ರಿಕಲ್ ಮಾಡ್ತಾ ಇದೀನಿ, ಕೊನೇ ವರ್ಷ. ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ. ಮನೇಲಿ ಎರಡು ಎಕರೆ ಅಡಿಕೆ ತೋಟ, ಎಲೆಚುಕ್ಕಿ ರೋಗ ಬಡಿದು ಎರಡು ವರ್ಷದಿಂದ ಫಸಲು ಕೈಗೆ ಹತ್ತಿಲ್ಲ, ಹಂಗಾಗಿ ಆದಷ್ಟು ಬೇಗ ದುಡಿಯೋಕೆ ಹೋಗ್ಲೇಬೇಕು.

ಹೋದ ವಾರ ಬೆಂಗಳೂರಿಂದ ಒಂದು ಖಾಸಗಿ ಟ್ರೈನಿಂಗ್ ಸಂಸ್ಥೆಯವರು ಬಂದಿದ್ರು. ಲಿಥಿಯಂ ಬ್ಯಾಟರಿ ಮ್ಯಾನುಫ್ಯಾಕ್ಚರಿಂಗ್ ಕೋರ್ಸ್, ಎರಡು ತಿಂಗಳು, ಫೀಸು 45 ಸಾವಿರ, ಪೂರ್ತಿ ಹ್ಯಾಂಡ್ಸ್ ಆನ್, ಮುಗಿದ ಮೇಲೆ ಕೆಲಸ ಗ್ಯಾರಂಟಿ ಅಂದ್ರು. ನಾಳೆ ಹತ್ತು ಸಾವಿರ ಅಡ್ವಾನ್ಸ್ ಕಟ್ಟಿದ್ರೆ ಐದು ಸಾವಿರ ಬಿಡ್ತೀವಿ ಅಂತಾನೂ ಅಂದ್ರು. ಅಮ್ಮ ಸಂಘದಲ್ಲಿ ಸಾಲ ತೆಗೀತೀನಿ ಅಂತಾಳೆ. ಅಣ್ಣಂಗೆ ಯುವನಿಧಿ ತಿಂಗಳಿಗೆ 1500 ಬರುತ್ತೆ, 2024ರ ಜನವರಿ 12ಕ್ಕೆ ನಮ್ಮ ಶಿವಮೊಗ್ಗ ಫ್ರೀಡಂ ಪಾರ್ಕಲ್ಲೇ ಶುರು ಮಾಡಿದ್ರಲ್ಲ ಅದು, ಅವನು ಅದನ್ನ ಕೂಡಿಟ್ಟಿರೋದು ಕೊಡ್ತೀನಿ ಅಂದಿದಾನೆ. ಇಬ್ರ ದುಡ್ಡೂ ಹಾಳಾಗಬಾರ್ದು ಅನ್ನೋದೇ ನನ್ನ ಚಿಂತೆ.

ನಾವು ಕಾಲೇಜಲ್ಲಿ ಬ್ಯಾಟರಿ ಅಂತ ನೋಡಿದ್ದು ಲ್ಯಾಬ್ ಮೂಲೇಲಿರೋ ಲೆಡ್ ಆಸಿಡ್ ಒಂದೇ. ಲಿಥಿಯಂ ಸೆಲ್ ಬಗ್ಗೆ ಪರೀಕ್ಷೇಲಿ ಹತ್ತು ಮಾರ್ಕಿಗೆ ಬರ್ದಿದೀನಿ, ಕೈಯಲ್ಲಿ ಹಿಡ್ದಿಲ್ಲ. ಈ ಲೈನಲ್ಲಿ ಕೆಲ್ಸ ಮಾಡೋರು ಯಾರಾದ್ರೂ ಇದ್ರೆ ಹೇಳಿ, ಹೊಸಬರ ಹತ್ರ ನಿಜವಾಗ್ಲೂ ಏನು ನೋಡ್ತಾರೆ, ಈ ಕೋರ್ಸಿಗೆ ಹೋಗ್ಬೇಕಾ ಬೇಡ್ವಾ, ಇಲ್ಲೇ ಇದ್ದು ಏನಾದ್ರೂ ಕಲೀಬಹುದಾ.

ಕೋಟಿಂಗ್_ಶಿಫ್ಟ್_ಬಿ

ನಾನು ಹೊಸನಗರದವನು, ಸೆಲ್ ತಯಾರು ಮಾಡೋ ಪ್ಲಾಂಟಲ್ಲಿ ಇದೀನಿ. ಮೊದ್ಲು ಒಂದು ಮಾತು, ನಾಳೇನೇ ಅಡ್ವಾನ್ಸ್ ಕಟ್ಟು ಅನ್ನೋರಿಗೆ ನಾಳೆ ಕಟ್ಟಬೇಡ. ಒಂದು ವಾರ ತಡ ಆದ್ರೆ ಈ ಇಂಡಸ್ಟ್ರಿ ಎಲ್ಲೂ ಓಡಿಹೋಗಲ್ಲ. 2021ರಲ್ಲಿ ಕೇಂದ್ರ ಸರ್ಕಾರ 18,100 ಕೋಟಿದು ಪಿಎಲ್‌ಐ ಸ್ಕೀಮ್, ಅಂದ್ರೆ ಉತ್ಪಾದನೆ ಮಾಡಿದಷ್ಟಕ್ಕೆ ಪ್ರೋತ್ಸಾಹಧನ ಕೊಡೋ ಯೋಜನೆ, ತಂತು, ದೇಶದಲ್ಲೇ 50 ಗಿಗಾವ್ಯಾಟ್ ಅವರ್ ಸೆಲ್ ಮಾಡ್ಬೇಕು ಅಂತ, ಅದಾದ್ಮೇಲೆ ಕೃಷ್ಣಗಿರಿ ಕಡೆ, ದೇವನಹಳ್ಳಿ ಕಡೆ, ತೆಲಂಗಾಣದ ಮಹಬೂಬ್‌ನಗರ ಕಡೆ ಎಲ್ಲ ಪ್ಲಾಂಟ್ ಎದ್ದಿವೆ, ಇನ್ನೂ ಏಳ್ತಾ ಇವೆ. ಜನ ಬೇಕು, ಆದ್ರೆ ಎಂಥ ಜನ ಬೇಕು ಅಂತ ತಿಳ್ಕೊಂಡು ಹೋಗು.

ಬ್ಯಾಟರಿ ಕೆಲ್ಸ ಅಂದ್ರೆ ಎರಡು ಬೇರೆ ಬೇರೆ ಲೋಕ. ಒಂದು ಸೆಲ್ ಮಾಡೋದು, ಇನ್ನೊಂದು ಆ ಸೆಲ್ ಜೋಡಿಸಿ ಪ್ಯಾಕ್ ಮಾಡೋದು. ಟ್ರೈನಿಂಗ್ ಮಾರೋರು ಎರಡನ್ನೂ ಸೇರಿಸಿ ಬ್ಯಾಟರಿ ಮ್ಯಾನುಫ್ಯಾಕ್ಚರಿಂಗ್ ಅಂತಾರೆ, ಕಲಿಸೋದು ಮಾತ್ರ ಪ್ಯಾಕ್, ಅದೂ ಸ್ಪಾಟ್ ವೆಲ್ಡರ್ ಒಂದು ಇಟ್ಕೊಂಡು. ಸೆಲ್ ಕಡೆದು ಏನಂದ್ರೆ, ಪುಡಿ, ಕಾರ್ಬನ್, ಬೈಂಡರ್ ಎಲ್ಲ ದ್ರಾವಣದಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ಸ್ಲರಿ ಮಾಡ್ತಾರೆ. ಹಿಟ್ಟಿನ ಹದ ಕೆಟ್ರೆ ದೋಸೆ ಏಳಲ್ಲ ನೋಡು, ಹಂಗೇ ಸ್ಲರಿ ಹದ ತಪ್ಪಿದ್ರೆ ಮುಂದೆ ಯಾವ ಮಷೀನ್ ಬಂದ್ರೂ ಸರಿ ಮಾಡಕ್ಕಾಗಲ್ಲ. ಅದನ್ನ ಕ್ಯಾಥೋಡ್ ಆದ್ರೆ ಅಲ್ಯೂಮಿನಿಯಂ ಹಾಳೆ ಮೇಲೆ, ಆನೋಡ್ ಆದ್ರೆ ತಾಮ್ರದ ಹಾಳೆ ಮೇಲೆ ಬಳಿದು, ಉದ್ದನೆಯ ಡ್ರೈಯರ್ ಒಳಗೆ ಒಣಗಿಸಿ, ರೋಲರ್ ಮಧ್ಯೆ ಒತ್ತಿ, ಸೀಳಿ, ಸುತ್ತಿ, ಟ್ಯಾಬ್ ವೆಲ್ಡ್ ಮಾಡಿ, ಎಲೆಕ್ಟ್ರೋಲೈಟ್ ತುಂಬಿ, ಆಮೇಲೆ ಮೊದಲನೇ ಚಾರ್ಜ್ ಕೊಡ್ತಾರೆ. ತಾಮ್ರದ ಹಾಳೆ ಸುಮಾರು 10 ಮೈಕ್ರಾನ್ ಒಳಗೇ ಇರುತ್ತೆ, ತಲೆಕೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಸೀಳೋವಾಗ ಅಂಚಲ್ಲಿ ಒಂದು ಸಣ್ಣ ಮುಳ್ಳು ಎದ್ದು ನಿಂತ್ರೆ ಸಾಕು, ಮುಂದೆ ಅದೇ ಎರಡು ಹಾಳೆ ಮಧ್ಯೆ ಇರೋ ಸೆಪರೇಟರ್ ಪರದೆ ತೂರಿ ಒಳಗೇ ಶಾರ್ಟ್ ಮಾಡುತ್ತೆ.

ಮಲೆನಾಡಿನವರಿಗೆ ಒಂದು ವಿಷಯ ಬೇಗ ಅರ್ಥ ಆಗುತ್ತೆ, ತೇವ. ಆಷಾಢದಲ್ಲಿ ಉಪ್ಪಿನ ಡಬ್ಬಿ ನೀರು ಬಿಡುತ್ತೆ, ಹಪ್ಪಳ ಮೆತ್ತಗಾಗುತ್ತೆ, ಅಟ್ಟದ ಮೇಲಿರೋ ಅಡಿಕೆಗೆ ಬೂಸು ಬರುತ್ತೆ. ಎಲೆಕ್ಟ್ರೋಲೈಟಲ್ಲಿರೋ ಲಿಥಿಯಂ ಉಪ್ಪೂ ಹಂಗೇ, ನೀರು ತಾಗಿದ್ರೆ ಒಡೆದು ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತೆ, ಸೆಲ್ಲೂ ಹಾಳು, ಮನುಷ್ಯನಿಗೂ ಅಪಾಯ. ಅದಕ್ಕೇ ತುಂಬೋ ರೂಮಲ್ಲಿ ಗಾಳಿಯ ಡ್ಯೂ ಪಾಯಿಂಟ್ ಮೈನಸ್ 40 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡ್ತಾರೆ, ಅಂದ್ರೆ ಆರ್ದ್ರತೆ ನೂರಕ್ಕೆ ಒಂದೂ ಇರಲ್ಲ. ನಮ್ಮ ಉಸಿರು ಬೆವರಿನ ತೇವವೇ ಅಲ್ಲಿ ಲೆಕ್ಕಕ್ಕೆ ಬರುತ್ತೆ, ಒಂದು ಸಲಕ್ಕೆ ಎಷ್ಟು ಜನ ಒಳಗಿರಬೇಕು ಅಂತ ಮಿತಿ ಇರುತ್ತೆ. ಮೈ ತುಂಬ ಸೂಟು, ಎರಡು ಜೊತೆ ಗ್ಲೌಸ್, ತುಟಿ ಒಡೆಯುತ್ತೆ, ಕಣ್ಣು ಉರಿಯುತ್ತೆ. ಆಗುಂಬೆ ಮಳೇಲಿ ಬೆಳೆದೋರಿಗೆ ಮೊದಲ ತಿಂಗಳು ಕಷ್ಟ, ಇದನ್ನ ಯಾವ ಬ್ರೋಷರಲ್ಲೂ ಬರೆಯಲ್ಲ.

ಈಗ ಹೊಸಬರ ಹತ್ರ ಏನು ನೋಡ್ತಾರೆ ಅಂದ್ಯಲ್ಲ. ನನ್ನದೇ ಹೇಳ್ತೀನಿ. ಸೇರಿದ ಮೂರನೇ ವಾರ ಕೋಟಿಂಗ್ ತೂಕ ನಿಧಾನಕ್ಕೆ ಏರ್ತಾ ಇತ್ತು, ಪ್ರತಿ ಅರ್ಧ ಗಂಟೆಗೆ ಸ್ಯಾಂಪಲ್ ಕತ್ತರಿಸಿ ತೂಗಿ ಬರೀಬೇಕು, ನಾನು ಒಂದು ಸಲ ತೂಗದೆ ಹಿಂದಿನ ಸಂಖ್ಯೆಯನ್ನೇ ಬರೆದುಬಿಟ್ಟೆ. ಆ ರೋಲ್ ಪೂರ್ತಿ ಸ್ಕ್ರ್ಯಾಪ್ ಆಯ್ತು. ಸೂಪರ್‌ವೈಸರ್ ಬೈಲಿಲ್ಲ, ಪಕ್ಕದಲ್ಲಿ ಕೂರಿಸ್ಕೊಂಡು, ನೀನು ಅಳತೆ ಮಾಡದೆ ಇದ್ದಿದ್ರೆ ಖಾಲಿ ಬಿಡಬೇಕಿತ್ತು, ಖಾಲಿ ಜಾಗ ನೋಡಿದ್ರೆ ಮುಂದಿನ ಶಿಫ್ಟಿನವನು ಮಷೀನ್ ನಿಲ್ಲಿಸ್ತಿದ್ದ ಅಂದ್ರು. ಅವತ್ತು ಕಲಿತಿದ್ದು ನಾಲ್ಕು ಸೆಮ್ ಪಾಠಕ್ಕಿಂತ ಜಾಸ್ತಿ. ಇಂಟರ್‌ವ್ಯೂನಲ್ಲಿ ನಾವು ನೋಡೋದೂ ಅದನ್ನೇ, ಮೈಕ್ರೋಮೀಟರ್ ಓದಕ್ಕೆ ಬರುತ್ತಾ, ಎಸ್‌ಒಪಿ ಅಂದ್ರೆ ಕೆಲ್ಸ ಹೆಂಗೆ ಮಾಡ್ಬೇಕು ಅನ್ನೋ ಬರಹ ಕೊಟ್ರೆ ಮೊದಲಿಂದ ಕೊನೇವರೆಗೂ ಓದ್ತಾನಾ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಾನಾ.

ಸಾಗರದ_ಪ್ಯಾಕ್‌ಲೈನ್

ಮೇಲಿನವರು ಹೇಳಿದ್ದು ಸತ್ಯ, ನಾನು ಪ್ಯಾಕ್ ಕಡೆಯವಳು, ಬೆಂಗಳೂರಲ್ಲಿ ಇ-ಸ್ಕೂಟರ್ ಬ್ಯಾಟರಿ ಪ್ಯಾಕ್ ಲೈನಲ್ಲಿ ಎರಡೂವರೆ ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ. ತಮ್ಮಾ, ನಿನ್ನ ಪೋಸ್ಟ್ ಓದಿ ಹೊಟ್ಟೆ ಚುರ್ ಅಂತು, ಯಾಕಂದ್ರೆ ನಾನೂ ಇಂಥದ್ದೇ ಒಂದು ಕಡೆ 38 ಸಾವಿರ ಕಟ್ಟಿದ್ದೆ. ಅಪ್ಪ ಅಡಿಕೆ ಮಂಡೀಲಿ ಮುಂಗಡ ತಂದು ಕೊಟ್ಟ ದುಡ್ಡು. ನಲವತ್ತು ದಿನದಲ್ಲಿ ನಾವು ಸೆಲ್ ಮುಟ್ಟಿದ್ದು ಆರು ದಿನ, ಅದೂ ಇಪ್ಪತ್ತೆಂಟು ಜನಕ್ಕೆ ಒಂದು ವೆಲ್ಡರ್, ಉಳಿದದ್ದೆಲ್ಲ ಸ್ಲೈಡ್ ತೋರಿಸಿದ್ದು. ಪ್ಲೇಸ್‌ಮೆಂಟ್ ಅಂತ ಕಳಿಸಿದ್ದು ಶೋರೂಮಿಗೆ, ಗಾಡಿ ಮಾರೋಕೆ. ಈ ಕೆಲ್ಸ ನಂಗೆ ಸಿಕ್ಕಿದ್ದು ಆಮೇಲೆ, ಅಪ್ರೆಂಟಿಸ್ ಆಗಿ, ಫೀಸು ಕೊಡದೆ, ಸ್ಟೈಪೆಂಡ್ ತಗೊಂಡು.

ಹಂಗಂತ ಎಲ್ಲ ಕೋರ್ಸೂ ಮೋಸ ಅನ್ನಲ್ಲ. ಫೋನ್ ಮಾಡಿ ಕೇಳು. ಒಟ್ಟು ಎಷ್ಟು ಗಂಟೆ, ಅದ್ರಲ್ಲಿ ನನ್ನ ಕೈಯಲ್ಲಿ ಟೂಲ್ ಇರೋದು ಎಷ್ಟು ಗಂಟೆ, ಒಂದು ಬೆಂಚಿಗೆ ಎಷ್ಟು ಜನ ಅಂತ. ಕಟ್ಟೋಕೆ ಮುಂಚೆ ಒಂದು ದಿನ ಬಂದು ಲ್ಯಾಬ್ ನೋಡ್ತೀನಿ ಅನ್ನು. ಅಲ್ಲಿ ಸೆಲ್‌ನ ಒಳ ರೋಧ ಅಳೆಯೋ ನಾಲ್ಕು ತಂತಿಯ ಮೀಟರ್ ಇದ್ಯಾ ನೋಡು, ಯಾಕಂದ್ರೆ ಅದು ಮಿಲಿಓಮ್ ಲೆಕ್ಕ, ಮಾಮೂಲಿ ಮಲ್ಟಿಮೀಟರಿಗೆ ಸಿಗಲ್ಲ, ಅದರ ವೈರಿನ ರೋಧವೇ ಸೆಲ್‌ಗಿಂತ ಜಾಸ್ತಿ ಇರುತ್ತೆ. ಸೆಲ್ಲನ್ನ ಮತ್ತೆ ಮತ್ತೆ ತುಂಬಿ ಖಾಲಿ ಮಾಡಿ ನೋಡೋ ಚಾರ್ಜ್ ಡಿಸ್ಚಾರ್ಜ್ ಸೈಕ್ಲರ್ ಇದ್ಯಾ, ಇನ್ಸುಲೇಷನ್ ಟೆಸ್ಟರ್ ಇದ್ಯಾ, ಹೊಗೆ ಬಂದ್ರೆ ಸೆಲ್ ಹೊರಗೆ ಹಾಕೋ ವ್ಯವಸ್ಥೆ ಇದ್ಯಾ. ಹಿಂದಿನ ಬ್ಯಾಚಿನ ಇಬ್ರ ಜೊತೆ ಮಾತಾಡ್ಬೇಕು ಅನ್ನು. ಒಳ್ಳೆ ಜಾಗ ಆದ್ರೆ ಖುಷಿಯಿಂದ ಒಪ್ತಾರೆ.

ನಮ್ಮ ಲೈನಲ್ಲಿ ಹೊಸಬರನ್ನ ಮೊದ್ಲು ಹಾಕೋದು ಸೆಲ್ ಸಾರ್ಟಿಂಗಿಗೆ. ನಂಗೆ ಅದು ಬೇಗ ಹಿಡೀತು, ಯಾಕಂದ್ರೆ ಚಿಕ್ಕಂದಿನಿಂದ ಮನೇಲಿ ಅಡಿಕೆ ಆರಿಸಿದೀನಿ. ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡ್ತೀವಲ್ಲ, ಒಂದು ಮೂಟೆ ರಾಶಿ ಒಳಗೆ ನಾಲ್ಕು ಹಿಡಿ ಗೊರಬಲು ಬಿದ್ರೆ ಮಂಡಿಯವರು ಇಡೀ ಮೂಟೆಗೆ ರೇಟ್ ಇಳಿಸ್ತಾರೆ. ಪ್ಯಾಕೂ ಅಷ್ಟೇ, ಸರಣೀಲಿ ಕೂರಿಸಿದ ಸೆಲ್‌ಗಳಲ್ಲಿ ಒಂದು ದುರ್ಬಲ ಆದ್ರೆ ಇಡೀ ಪ್ಯಾಕ್ ಅದರ ಮಟ್ಟಕ್ಕೆ ಇಳಿಯುತ್ತೆ, ಅದು ಮೊದ್ಲು ಖಾಲಿ ಆಗುತ್ತೆ, ಮೊದ್ಲು ತುಂಬುತ್ತೆ, ಬಿಎಂಎಸ್, ಅಂದ್ರೆ ಪ್ಯಾಕ್ ಕಾಯೋ ಸರ್ಕ್ಯೂಟ್, ಅದನ್ನ ನೋಡಿ ಎಲ್ಲಾನೂ ನಿಲ್ಲಿಸುತ್ತೆ. ವ್ಯತ್ಯಾಸ ಏನಂದ್ರೆ ಅಡಿಕೆ ಕಣ್ಣಿಗೆ ಕಾಣುತ್ತೆ, ಸೆಲ್ ಎಲ್ಲ ನೋಡೋಕೆ ಒಂದೇ ಥರ, ಮೀಟರ್ ಹೇಳಿದ್ದನ್ನ ನಂಬಬೇಕು. ಅದರಲ್ಲೂ ಎಲ್‌ಎಫ್‌ಪಿ ಸೆಲ್ ಇದ್ಯಲ್ಲ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಅದು ನೂರಕ್ಕೆ ಮೂವತ್ತು ಚಾರ್ಜ್ ಇದ್ರೂ ಎಂಬತ್ತು ಇದ್ರೂ ವೋಲ್ಟೇಜ್ 3.2, 3.3 ಆಸುಪಾಸಲ್ಲೇ ತೋರಿಸುತ್ತೆ, ಬರೀ ವೋಲ್ಟೇಜ್ ನೋಡಿ ಸಮ ಅಂತ ಜೋಡಿಸಿದ್ರೆ ಕೆಟ್ಟೆ.

ಇನ್ನೊಂದು, ಇದನ್ನ ಅಕ್ಕನಾಗಿ ಹೇಳ್ತೀನಿ. ಯೂಟ್ಯೂಬ್ ನೋಡ್ಕೊಂಡು ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಮನೇಲಿ ಪ್ಯಾಕ್ ಕಟ್ಟೋಕೆ ಹೋಗ್ಬೇಡ. ಒಂದು ಸೆಲ್ ಒಳಗೆ ಬಿಸಿ ಹಿಡೀತು ಅಂದ್ರೆ ಪಕ್ಕದ್ದಕ್ಕೂ ಹತ್ತುತ್ತೆ, ಆ ಹೊಗೆ ವಿಷ, ಹಂಚಿನ ಮನೆ ಅಟ್ಟದ ಕೆಳಗೆ ಅಂಥದ್ದು ಆದ್ರೆ ಯಾರೂ ಉಳಿಸೋಕಾಗಲ್ಲ.

ಹೆಣ್ಣುಮಕ್ಕಳು ಯಾರಾದ್ರೂ ಓದ್ತಾ ಇದ್ರೆ, ಪ್ಯಾಕ್ ಲೈನಲ್ಲಿ ನಾವು ತುಂಬ ಜನ ಇದೀವಿ. ಸೇರೋಕೆ ಮುಂಚೆ ರಾತ್ರಿ ಶಿಫ್ಟ್ ಇದ್ಯಾ, ಪಿಜಿ ಬಾಗಿಲವರೆಗೂ ಕ್ಯಾಬ್ ಬಿಡ್ತಾರಾ ಕೇಳಿ. ಸೆಲ್ ಪ್ಲಾಂಟಿನ ಕ್ಯಾಥೋಡ್ ಕಡೆ ಎನ್‌ಎಂಪಿ ಅನ್ನೋ ದ್ರಾವಣ ಬಳಸ್ತಾರೆ, ಗರ್ಭಿಣಿಯರಿಗೆ, ಹೊಟ್ಟೇಲಿರೋ ಮಗೂಗೆ ಅದು ಒಳ್ಳೇದಲ್ಲ, ಅಲ್ಲಿ ಹಾಕಿದ್ರೆ ನಾಚಿಕೆ ಬಿಟ್ಟು ಹೇಳ್ಬೇಕು.

ಇನ್ವರ್ಟರ್_ಬ್ಯಾಟರಿ_ಶಿವಮೊಗ್ಗ

ನಾನು ಡಿಗ್ರಿ ಓದಿದವನಲ್ಲ, ಇಪ್ಪತ್ತೆರಡು ವರ್ಷದಿಂದ ಸಾಗರ ರಸ್ತೆ ಕಡೆ ಬ್ಯಾಟರಿ ಕೆಲ್ಸ. ಮಳೆಗಾಲದಲ್ಲಿ ಹೊಸನಗರ, ನಿಟ್ಟೂರು, ತೀರ್ಥಹಳ್ಳಿ ಕಡೆ ಮರ ಬಿದ್ದು ನಾಲ್ಕೈದು ದಿನ ಕರೆಂಟ್ ಇಲ್ದಿದ್ದಾಗ ಆ ಮನೆಗಳಲ್ಲಿ ಬೆಳಕಿರೋದು ನಮ್ಮಂಥೋರ ಕೈಕೆಲಸದಿಂದ. ಒಂದು ವಿಷಯಕ್ಕೆ ನಂಗೆ ಬೇಜಾರಾಯ್ತು, ಲ್ಯಾಬ್ ಮೂಲೇಲಿರೋ ಲೆಡ್ ಆಸಿಡ್ ಒಂದೇ ಅಂತ ಬರ್ದಿದೀಯ. ಅದನ್ನ ಒಂದೇ ಅನ್ಬೇಡಪ್ಪ. ಅದ್ರಲ್ಲಿ ಆರು ಸೆಲ್ ಇದೆ, ಹೈಡ್ರೋಮೀಟರ್ ಹಾಕಿ ಆರರದ್ದೂ ಗ್ರ್ಯಾವಿಟಿ, ಅಂದ್ರೆ ಆಸಿಡ್ ಎಷ್ಟು ಗಟ್ಟಿ ಇದೆ ಅನ್ನೋ ಅಳತೆ, ಬೇರೆ ಬೇರೆ ಬರ್ಕೊ, ವಾರ ವಾರ ಬರ್ಕೊ. ಯಾವ ಸೆಲ್ ಹಿಂದೆ ಬೀಳ್ತಾ ಇದೆ ಅಂತ ಬ್ಯಾಟರಿ ಸಾಯೋಕೆ ಎರಡು ತಿಂಗಳು ಮುಂಚೆನೇ ನಿಂಗೆ ಗೊತ್ತಾಗುತ್ತೆ. ಮೇಲೆ ಆ ಹುಡುಗಿ ಹೇಳಿದ ದುರ್ಬಲ ಸೆಲ್ ಕಥೆ ಇದೇ ಅಲ್ವಾ. ಲಿಥಿಯಂನಲ್ಲಿ ಬಿಎಂಎಸ್ ನೋಡೋದನ್ನ ಇಲ್ಲಿ ನೀನು ಕಣ್ಣಲ್ಲಿ ನೋಡ್ತೀಯ.

ಡಿಸಿ ಅಂದ್ರೆ ಏನು ಅಂತಾನೂ ಇಲ್ಲಿ ಕಲೀಬಹುದು. ನಮ್ಮ ಹತ್ರ ಇದ್ದ ಒಬ್ಬ ಹುಡುಗ ಕಬ್ಬಿಣದ ಕಡಗ ಹಾಕ್ಕೊಂಡು ಸ್ಪ್ಯಾನರ್ ಹಿಡಿದ, ಕಡಗ ಎರಡು ಟರ್ಮಿನಲ್ ಮಧ್ಯೆ ಬಿತ್ತು. ಬರೀ 12 ವೋಲ್ಟ್, ಶಾಕ್ ಹೊಡೆಯಲ್ಲ, ಆದ್ರೆ ಆ ಕಡಗ ಕೆಂಪಗೆ ಕಾದು ಕೈಯಲ್ಲಿ ಇವತ್ತಿಗೂ ಗುರುತಿದೆ. ಅವತ್ತಿಂದ ನಮ್ಮಲ್ಲಿ ಯಾರೂ ಉಂಗುರ, ಕಡಗ, ಚೈನು ಹಾಕ್ಕೊಂಡು ಒಳಗೆ ಬರಂಗಿಲ್ಲ. ಗಾಡಿ ಪ್ಯಾಕಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ವೋಲ್ಟೇಜ್. ಎಸಿ ಕಿಡಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ, ಡಿಸಿ ಕಿಡಿ ಹಂಗೆ ಸೊನ್ನೆಗೆ ಬರಲ್ಲ, ಹಿಡ್ಕೊಂಡ್ರೆ ಹಿಡ್ಕೊಂಡೇ ಇರುತ್ತೆ.

ಕಾಲೇಜು ರಜೆ ದಿನ ಬಾ, ಅಂಗಡಿ ಎಲ್ಲಿ ಅಂತ ಮೆಸೇಜಲ್ಲಿ ಹೇಳ್ತೀನಿ, ದುಡ್ಡು ಬೇಡ. ಸೀಸದ ಪ್ಲೇಟ್ ಮಾತ್ರ ಮುಟ್ಟಿಸಲ್ಲ, ಸೀಸ ಮೈಗೆ ಸೇರಿದ್ರೆ ಸುಲಭಕ್ಕೆ ಹೋಗಲ್ಲ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೀಬೇಕು, ಇದು ನಮ್ಮ ಅಂಗಡೀಲಿ ಮೊದಲನೇ ಪಾಠ.

ಕೋಟಿಂಗ್_ಶಿಫ್ಟ್_ಬಿ

ಅಣ್ಣ ಹೇಳಿದ್ದಕ್ಕೆ ನನ್ನದೊಂದು ಸಣ್ಣ ತಕರಾರು. ಲೆಡ್ ಆಸಿಡ್ ಅಂಗಡಿ ಅನುಭವ ಪ್ಯಾಕಿಗೆ, ಸರ್ವಿಸಿಗೆ ಖಂಡಿತ ಬರುತ್ತೆ. ಸೆಲ್ ಪ್ಲಾಂಟಿಗೆ ಅದಕ್ಕಿಂತ ನಮ್ಮೂರಿನ ಫೌಂಡ್ರಿ, ಮಷೀನ್ ಶಾಪ್ ಅನುಭವ ಹತ್ರ. ನಮ್ಮ ಶಿಫ್ಟಲ್ಲಿ ಬರೋ ತೊಂದರೇಲಿ ಜಾಸ್ತಿ ಬ್ಯಾಟರಿ ತೊಂದರೆ ಅಲ್ಲ, ರೋಲರ್ ಬೇರಿಂಗ್, ಸೆನ್ಸರ್, ಮಷೀನ್ ನಡೆಸೋ ಪುಟ್ಟ ಕಂಪ್ಯೂಟರ್ ಆದ ಪಿಎಲ್‌ಸಿ ಅಲಾರಂ, ನ್ಯೂಮ್ಯಾಟಿಕ್ ಲೀಕ್, ಹಾಳೆ ಓರೆ ಆಗೋದು. ಮಾಚೇನಹಳ್ಳಿ ಕಡೆ ಕೆಲ್ಸ ಮಾಡಿದ ಒಬ್ಬ ಐಟಿಐ ಫಿಟ್ಟರ್ ನಮ್ಮಲ್ಲಿದಾನೆ, ಹಾಳೆ ಒತ್ತೋ ಕ್ಯಾಲೆಂಡರಿಂಗ್ ಮಷೀನ್ ಶಬ್ದ ಕೇಳಿ ಬೇರಿಂಗ್ ಹೋಗ್ತಿದೆ ಅಂತಾನೆ, ಲಿಥಿಯಂ ಬಗ್ಗೆ ಅವನಿಗೆ ಬಂದ ದಿನ ಏನೂ ಗೊತ್ತಿರಲಿಲ್ಲ, ಈಗ ಅವನಿಲ್ದೆ ಲೈನ್ ಓಡಲ್ಲ. ಎಲೆಕ್ಟ್ರಿಕಲ್ ಓದಿರೋ ನೀನು ಪಿಎಲ್‌ಸಿ, ಸೆನ್ಸರ್, ಡ್ರೈವ್ ಗಟ್ಟಿ ಮಾಡ್ಕೊ.

ಪಾಲಿಟೆಕ್ನಿಕ್_ಮೇಷ್ಟ್ರು

ನಾನು ಈ ಜಿಲ್ಲೇಲಿ ಪಾಲಿಟೆಕ್ನಿಕ್ ಪಾಠ ಮಾಡೋನು, ಯಾವ ಕಾಲೇಜು ಅಂತ ಬೇಡ. ಹುಡುಗ ಬರ್ದಿರೋದು ನಿಜ, ನಮ್ಮ ಲ್ಯಾಬಲ್ಲಿ ಲಿಥಿಯಂ ಇಲ್ಲ, ಅದು ನಮ್ಮ ಕೊರತೆ, ಮಕ್ಕಳದ್ದಲ್ಲ. ಪೂರ್ತಿ ಸೆಲ್ ಲೈನ್ ಯಾವ ಕಾಲೇಜಿಗೂ ಎಟುಕಲ್ಲ, ಡ್ರೈ ರೂಮ್ ನಡೆಸೋ ಕರೆಂಟ್ ಬಿಲ್ಲೇ ಕಟ್ಟಕ್ಕಾಗಲ್ಲ. ಆದ್ರೆ ಹತ್ತು ಎಲ್‌ಎಫ್‌ಪಿ ಸೆಲ್, ಒಂದು ಬಿಎಂಎಸ್, ಒಂದು ಸಣ್ಣ ಸೈಕ್ಲರ್, ಒಂದು ಒಳ ರೋಧ ಮೀಟರ್, ಇಷ್ಟು ಇದ್ರೆ ಒಂದು ಬ್ಯಾಚಿಗೆ ವರ್ಷಪೂರ್ತಿ ಕೆಲ್ಸ ಕೊಡಬಹುದು. ಇದಕ್ಕೆ ನಾನು ಎರಡು ಸಲ ಪ್ರಪೋಸಲ್ ಬರ್ದಿದೀನಿ, ಮೂರನೇ ಸಲಾನೂ ಬರೀತೀನಿ.

ನಿನಗೆ ಈಗ ಉಪಯೋಗಕ್ಕೆ ಬರೋದು ಹೇಳ್ತೀನಿ. 1961ರ ಅಪ್ರೆಂಟಿಸ್ ಕಾಯ್ದೆ ಕೆಳಗೆ ಡಿಪ್ಲೊಮಾ, ಡಿಗ್ರಿ ಮುಗಿಸಿದವರಿಗೆ ಒಂದು ವರ್ಷದ ತರಬೇತಿ ಇದೆ, ನ್ಯಾಟ್ಸ್ ಪೋರ್ಟಲಲ್ಲಿ ನೋಂದಾಯಿಸ್ಕೊಬೇಕು, ಐಟಿಐಯವರಿಗೆ ಬೇರೆ ಅಪ್ರೆಂಟಿಸ್‌ಶಿಪ್ ಪೋರ್ಟಲ್ ಇದೆ. ಅಲ್ಲಿ ಫೀಸು ನೀನು ಕೊಡೋದಲ್ಲ, ಸ್ಟೈಪೆಂಡ್ ನಿನಗೆ ಬರೋದು. 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಡಿಗ್ರಿಯವರಿಗೆ 9,000 ಅಂತ ಇಟ್ಟಿದ್ರು, ಎಷ್ಟೋ ಕಂಪನಿಗಳು ಅದಕ್ಕಿಂತ ಜಾಸ್ತಿ ಕೊಡ್ತವೆ. ಬೆಂಗಳೂರಲ್ಲಿ ಬಾಡಿಗೆ ಊಟಕ್ಕೆ ಅದು ಸಾಲಲ್ಲ ಅಂತ ನಂಗೂ ಗೊತ್ತು, ಆದ್ರೂ ಸಾಲ ಮಾಡಿ 45 ಸಾವಿರ ಕಟ್ಟೋದಕ್ಕೂ ಇದಕ್ಕೂ ಹೋಲಿಕೆ ಮಾಡಿ ನೋಡು. ರಿಸಲ್ಟ್ ಬಂದ ಕೂಡ್ಲೇ ನೋಂದಾಯಿಸು, ತಡ ಮಾಡ್ಬೇಡ.

ಪಿಎಲ್‌ಸಿ, ಅಳತೆಗಾರಿಕೆ ಬಗ್ಗೆ ಮೇಲೆ ಹೇಳಿದ್ರಲ್ಲ, ಅದಕ್ಕೆ ಬೆಂಗಳೂರಿಗೆ ಹೋಗೋದೇ ಬೇಡ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅದೇ ಜಿಟಿಟಿಸಿ, ಶಿವಮೊಗ್ಗದಲ್ಲೇ ಇದೆ, ಶಾರ್ಟ್ ಟರ್ಮ್ ಕೋರ್ಸ್ ಯಾವುದು ನಡೀತಾ ಇದೆ ಅಂತ ಖುದ್ದಾಗಿ ಹೋಗಿ ಕೇಳು. ಮುಂದೆ ಓದೋ ಮನಸ್ಸಿರೋ ಮಕ್ಕಳಿಗೆ ಇನ್ನೊಂದು, ತಮಿಳುನಾಡಿನ ಕಾರೈಕುಡಿಯಲ್ಲಿ ಸಿಎಸ್‌ಐಆರ್‌ನವರ ಎಲೆಕ್ಟ್ರೋಕೆಮಿಕಲ್ ಸಂಶೋಧನಾ ಸಂಸ್ಥೆ ಇದೆ, 1948ರಿಂದ ಇರೋದು, ಬ್ಯಾಟರಿ ವಿಷಯದಲ್ಲಿ ದೇಶದ ಹಳೇ ಗುರುಕುಲ ಅಂತಾನೇ ಅನ್ನಬಹುದು.

ಕೊನೇ ಸೆಮ್ ಇಂಟರ್ನ್‌ಶಿಪ್ಪನ್ನ ಸರ್ಟಿಫಿಕೇಟಿಗೋಸ್ಕರ ಎಲ್ಲೋ ಸಹಿ ಹಾಕಿಸ್ಕೊಂಡು ಬರ್ಬೇಡಿ, ದಯವಿಟ್ಟು. ಪ್ರತಿ ವರ್ಷ ಅರ್ಧ ಕ್ಲಾಸು ಹಂಗೇ ಮಾಡುತ್ತೆ, ನೋಡಿದಾಗೆಲ್ಲ ನಂಗೆ ಸಂಕಟ ಆಗುತ್ತೆ, ಕೈಯಾರೆ ಕಲಿಯೋಕೆ ಸಿಗೋ ಅಷ್ಟು ವಾರ ಮತ್ತೆ ಸಿಗಲ್ಲ.

ತುಂಗೆದಡ_ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರಲಿಲ್ಲ. ಅಮ್ಮಂಗೂ ಎಲ್ಲ ಓದಿ ಹೇಳ್ದೆ. ಅಡಿಕೆ ಗ್ರೇಡಿಂದು ಕೇಳಿ, ಹಂಗಾದ್ರೆ ಆ ಕೆಲ್ಸ ನಂಗೂ ಬರುತ್ತೆ ಅಂದ್ಲು.

ಇವತ್ತು ಅವರಿಗೆ ಫೋನ್ ಮಾಡಿದ್ದೆ. ಸಾಗರದ ಅಕ್ಕ ಹೇಳಿದ ಹಂಗೇ ಕೇಳ್ದೆ. ಟೂಲ್ ಹಿಡಿಯೋದು ಎಷ್ಟು ಗಂಟೆ ಅಂದಿದ್ದಕ್ಕೆ ಎಲ್ಲಾನೂ ಪ್ರಾಕ್ಟಿಕಲ್ಲೇ ಅಂದ್ರು, ಗಂಟೆ ಹೇಳ್ಲಿಲ್ಲ. ಲ್ಯಾಬ್ ನೋಡೋಕೆ ಬರ್ತೀನಿ ಅಂದೆ, ಅಡ್ವಾನ್ಸ್ ಕಟ್ಟಿದ ಮೇಲೆ ತೋರಿಸ್ತೀವಿ ಅಂದ್ರು. ಹಳೇ ಬ್ಯಾಚಿನವರ ನಂಬರ್ ಕೊಡಲ್ಲ ಅಂದ್ರು. ನಾನು ಕಟ್ಟಲ್ಲ ಅಂತ ಹೇಳಿ ಇಟ್ಟೆ. ಅಣ್ಣನ ದುಡ್ಡು ಅಣ್ಣನ ಹತ್ರಾನೇ ಇದೆ.

ಇಂಟರ್ನ್‌ಶಿಪ್ಪಿಗೆ ಮಾಚೇನಹಳ್ಳಿ ಕಡೆ ಒಂದು ಫೌಂಡ್ರಿ ಮೇಂಟೆನೆನ್ಸ್ ಸೆಕ್ಷನಲ್ಲಿ ಕೇಳ್ತಾ ಇದೀನಿ, ನಮ್ಮ ಸರ್ ಲೆಟರ್ ಕೊಡ್ತೀನಿ ಅಂದಿದಾರೆ, ಅಲ್ಲಿ ಪಿಎಲ್‌ಸಿ ಇರೋ ಪ್ಯಾನೆಲ್ ಇದ್ಯಂತೆ. ಜಿಟಿಟಿಸಿಗೆ ಬುಧವಾರ ಹೋಗ್ತೀನಿ. ಲ್ಯಾಬ್ ಅಟೆಂಡರ್ ಹತ್ರ ಕೀ ಇಸ್ಕೊಂಡು ಮೂಲೇಲಿದ್ದ ಬ್ಯಾಟರಿ ಇವತ್ತೇ ಒರೆಸಿದೆ, ಆರು ಸೆಲ್‌ದೂ ಗ್ರ್ಯಾವಿಟಿ ತಗೊಂಡೆ, ಐದರಲ್ಲಿ 1.22 ಆಸುಪಾಸು ಇದೆ, ನಾಲ್ಕನೇದು ಮಾತ್ರ 1.15. ಬುಕ್ಕಲ್ಲಿ ತಾರೀಕು ಹಾಕಿ ಬರ್ದಿದೀನಿ. ಅಣ್ಣ, ಭಾನುವಾರ ಎಷ್ಟೊತ್ತಿಗೆ ಬರ್ಲಿ?

ಇನ್ವರ್ಟರ್_ಬ್ಯಾಟರಿ_ಶಿವಮೊಗ್ಗ

ಒಂಬತ್ತಕ್ಕೆ ಬಾ. ಆ ಬುಕ್ ತಗೊಂಡ್ ಬಾ, ನಾಲ್ಕನೇ ಸೆಲ್ ಯಾಕೆ ಹಂಗಾಗಿರಬಹುದು ಅಂತ ಕೂತು ನೋಡೋಣ. ಚಪ್ಪಲಿ ಬೇಡ, ಶೂ ಹಾಕ್ಕೊ, ಕೈಯಲ್ಲಿ ಉಂಗುರ ಕಡಗ ಇದ್ರೆ ಮನೇಲೇ ಬಿಚ್ಚಿಟ್ಟು ಬಾ.